ಕಾಲರ್ ಹೊಲಿದು ತೀರಿಸಿದ ಪದವಿ

ಬೀದಿಯವರೆಲ್ಲ ಅವನನ್ನು ಚಕ್ರವರ್ತಿ ಎಂದು ಕರೆಯುತ್ತಿದ್ದರು. ರಾಜ್ಯವೆಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಾಗಿಲಿಗೊಂದು ಪರದೆ. ಇತಿಹಾಸದಲ್ಲಿ ಬಿ.ಎ. ಮಾಡಿ ಬಂದು ಅಪ್ಪನ ದರ್ಜಿಯಂಗಡಿಯಲ್ಲಿ ಕುಳಿತವನಿಗೆ ಪಕ್ಕದ ಕ್ಷೌರದಂಗಡಿಯವನು ಇಟ್ಟ ಹೆಸರು ಅದು. ಹೆಸರಿಟ್ಟವನು ಹೋದ, ಹೆಸರು ಉಳಿಯಿತು. ಈಗ ಚಕ್ರವರ್ತಿಯ ತಲೆಯೂ ನರೆತಿದೆ.

ಆ ಮಧ್ಯಾಹ್ನ ಅವನ ಮಗಳು ಬ್ಯಾಂಕಿನ ಸಾಲದ ಅರ್ಜಿಯನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು. ದೂರದ ನಗರದ ದೊಡ್ಡ ಕಾಲೇಜಿನಲ್ಲಿ ಇತಿಹಾಸ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಜಾಮೀನಿಗೆ ಅಪ್ಪನ ರುಜು ಬೇಕು. ಅರ್ಜಿ ಕೊಡಲು ನಾಳೆಯೇ ಕಡೆಯ ದಿನ.

"ಇತಿಹಾಸಾನೇ ಆಗ್ಬೇಕಾ ತಾಯೀ? ಲೆಕ್ಕಪತ್ರ ಓದು. ಎಲ್ಲಾದ್ರೂ ಒಂದು ಕುರ್ಚಿ ಸಿಗುತ್ತೆ."

"ನೀವೂ ಅದನ್ನೇ ಓದಿದ್ರಲ್ಲಪ್ಪ."

"ಓದಿದ್ದಕ್ಕೇ ಹೇಳ್ತಿರೋದು. ಕೈ ಸುಟ್ಕೊಂಡೋನಿಗೇ ಬಿಸಿ ಗೊತ್ತು."

ಮೂಲೆಯಲ್ಲಿ ಕುಳಿತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು: "ರುಜು ಹಾಕೋದೋ ಬಿಡೋದೋ, ಸಂಜೆಯೊಳಗೆ ಹೇಳಿಬಿಡಿ. ಮಗು ಗಂಟಲಲ್ಲಿ ಅನ್ನ ಇಳೀತಿಲ್ಲ."

ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಅವನು ಯಂತ್ರದ ಮುಂದೆ ಕುಳಿತು ಕಾಲರ್ ಎತ್ತಿಕೊಂಡ. ಕಾಲರ್ ಕೈಗೆ ಬಂದರೆ ಸಾಕು, ಅಪ್ಪ ನೆನಪಾಗುತ್ತಿದ್ದ.

ಅಪ್ಪ ಮೂರನೆಯ ತರಗತಿಗೇ ಶಾಲೆಗೆ ಶರಣು ಹೊಡೆದವನು. ಮಗನನ್ನು ಓದಿಸಲು ಸಿದ್ಧ ಉಡುಪಿನ ಸಾಹುಕಾರನಲ್ಲಿ ಸಾಲ ಎತ್ತಿದ್ದ. "ದುಡ್ಡು ಎಲ್ಲಿಂದ ತರ್ತೀಯ? ಕಾಲರ್ ಹೊಲಿದು ತೀರಿಸು" ಎಂದಿದ್ದ ಸಾಹುಕಾರ. ಮಗ ಪದವಿ ಹಿಡಿದು ಬಂದಾಗ ಕೆಲಸವೇನೂ ಬಾಗಿಲಲ್ಲಿ ಕಾದು ನಿಂತಿರಲಿಲ್ಲ. ಶಾಲೆಗಳವರು ಶಿಕ್ಷಕರ ತರಬೇತಿ ಆಗಿದೆಯೇ ಎಂದರು. ಅದಕ್ಕೆ ಇನ್ನೊಂದು ಸಾಲ ಬೇಕು. ವಸ್ತುಸಂಗ್ರಹಾಲಯಕ್ಕೆ ಹೋದರೆ, ಒಳಗಿನ ವಿಗ್ರಹಗಳಷ್ಟೇ ಹಳಬರಾದ ಪದವೀಧರರು ಹೊರಗೆ ಸಾಲು ನಿಂತಿದ್ದರು. ಕೊನೆಗೆ ಬಂದು ಅಪ್ಪನ ಪಕ್ಕದ ಯಂತ್ರಕ್ಕೆ ಕುಳಿತ. ತನ್ನ ಪದವಿಯ ಸಾಲವನ್ನು ತಾನೇ ತುಳಿದು ತೀರಿಸತೊಡಗಿದ.

ಮೊದಮೊದಲು ಇಬ್ಬರ ನಡುವೆ ಮಾತಿಲ್ಲ. ಒಂದು ದಿನ ಅಪ್ಪ ನೂಲು ಪೋಣಿಸುತ್ತ ಕೇಳಿದ: "ಅಷ್ಟು ವರ್ಷ ಓದಿದ್ಯಲ್ಲ, ಏನಿತ್ತು ಅದರಲ್ಲಿ? ಹೇಳಪ್ಪ, ನನ್ನ ದುಡ್ಡೂ ಸ್ವಲ್ಪ ವಸೂಲಾಗ್ಲಿ."

ಹೇಳಿದ. ಮುತ್ತಿಗೆ ಬಿದ್ದ ಒಂದು ಕೋಟೆಯ ಕಥೆ. ರಾಜ ಯಾರನ್ನು ನಂಬಿದ್ದನೋ ಆ ತಮ್ಮನೇ ಹಿಂಬಾಗಿಲು ತೆರೆದ ಕಥೆ. "ಆಮೇಲೆ?" ಎನ್ನುತ್ತ ಅಪ್ಪ ಯಂತ್ರ ತುಳಿದೇ ತುಳಿದ. ರಾಜ ಸತ್ತ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ನೋಡಿದರೆ, ಅಷ್ಟು ಹೊತ್ತು ಹೊಲಿದ ಕಾಲರುಗಳೆಲ್ಲ ಒಳಮೈ ಹೊರಗಾಗಿ ಕುಳಿತಿದ್ದವು! ನಲವತ್ತು ವರ್ಷದ ಕಸುಬುದಾರ, ಕಣ್ಣು ಮುಚ್ಚಿ ಕಾಲರ್ ಕೂರಿಸುವವನು!

ಸಾಹುಕಾರ ಕೂಲಿ ಹಿಡಿದುಕೊಂಡ. ಅಪ್ಪ ಮಾತ್ರ ನಗುತ್ತಲೇ ಮನೆಗೆ ಬಂದ. "ರಾಜ ಸತ್ತ, ನಮ್ಮ ಕೂಲೀನೂ ಅವನ ಜೊತೆ ಸಹಗಮನ ಮಾಡ್ತು ಕಣೇ" ಎಂದು ಅಮ್ಮನಿಗೆ ವರದಿ ಒಪ್ಪಿಸಿದ. ಅಂದಿನಿಂದ ಕಾಲರ್ ತಿರುಗುಮುರುಗಾದಾಗಲೆಲ್ಲ ಮನೆಯವರು ಕೇಳುವುದು ಒಂದೇ ಮಾತು: "ಇವತ್ತು ಯಾವ ರಾಜ ಸತ್ತ?"

ಆ ಸಾಲ ತೀರುವಷ್ಟರಲ್ಲಿ ಪುಸ್ತಕದಲ್ಲಿದ್ದ ಅರಸರೆಲ್ಲ ಅಂಗಡಿಗೆ ಬಂದು ಹೋಗಿದ್ದರು. ಅಪ್ಪನ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. "ಅಷ್ಟು ದೊಡ್ಡ ದಂಡು ಅಂತೀಯಲ್ಲ, ಅವರ ಅಂಗಿ ಹೊಲಿದೋರು ಯಾರು?" ಅದು ಪುಸ್ತಕದಲ್ಲಿರಲಿಲ್ಲ.

"ಅಪ್ಪಾ, ನಾನೂ ಒಂದಷ್ಟು ಹೊಲೀಲಾ?" ಮಗಳು ತಾತನ ಯಂತ್ರಕ್ಕೆ ಕುಳಿತಳು. ಅಪ್ಪನ ಕಡೆ ನೋಡದೆ ತುಳಿಯತೊಡಗಿದಳು.

"ಕೋಪವಾ?" ಎಂದ ಅವನು.

"ಕೋಪ ಮಾಡ್ಕೊಂಡು ಯಾರ ಮನೆಗೆ ಹೋಗ್ಲಿ? ಆ ಕಾಲೇಜಿನ ಮೇಡಂ ಒಬ್ರು ಒಂದು ವಿಷಯ ಬರೆದಿದ್ದಾರಪ್ಪ. ದಂಡಿನ ಹಿಂದೆ ದರ್ಜಿಗಳೂ ನಡೀತಿದ್ರಂತೆ. ಮಕ್ಕಳು ಮರಿ ಸಮೇತ."

ಅವನ ಕೈ ಬಟ್ಟೆಯ ಮೇಲೆ ನಿಧಾನವಾಯಿತು. "ಆಮೇಲೆ?"

"ಡೇರೆ ಹೊಲಿಯೋರು, ಅಂಗಿ ಹೊಲಿಯೋರು. ಅರಸ ಸೋತ್ರೆ ಅವರ ಕೂಲಿ ಕೇಳೋರೇ ಇಲ್ಲ. ಒಂದ್ಸಲ ಹಾಗೇ ಆಗಿ, ಅವರೆಲ್ಲ ಸೇರಿ ಡೇರೆಗಳನ್ನೇ ಬಿಚ್ಚಿ ಹಂಚ್ಕೊಂಡು ಹೊರಟ್ರಂತೆ."

"ಭೇಷ್! ಆಮೇಲೆ ಎಲ್ಲಿಗೆ ಹೋದ್ರು?"

"ಅದು ಯಾರಿಗೂ ಗೊತ್ತಿಲ್ಲ. ಹುಡುಕ್ಬೇಕು. ಅದಕ್ಕೇ ಹೋಗ್ತೀನಿ ಅಂದಿದ್ದು."

ಅವನು ಇನ್ನೂ ನಾಲ್ಕು ಅಂಗಿಗಳಿಗೆ ಕಾಲರ್ ಕೂರಿಸಿದ. ಆಮೇಲೆ ಎದ್ದು ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದ.

"ನೋಡು ಮಗಳೇ, ಸುಳ್ಳು ಹೇಳೋದಿಲ್ಲ. ಆ ಓದು ನನಗೆ ಒಂದು ದಿನವೂ ಅನ್ನ ಹಾಕ್ಲಿಲ್ಲ. ನಿಂಗೂ ಹಾಕುತ್ತೆ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ. ನಿನ್ನ ಸಾಲ ನನ್ನದಕ್ಕಿಂತ ದೊಡ್ಡದು."

"ಗೊತ್ತಪ್ಪ."

"ಊಟ, ವಸತಿಗೆ ಅಂತ ಬರೆದಿರೋದು ಹೊಡೆದು ಹಾಕು. ಅದು ನಾವು ನೋಡ್ಕೋತೀವಿ. ಶುಲ್ಕಕ್ಕೆ ಮಾತ್ರ ಸಾಲ. ರಜಕ್ಕೆ ಬಂದಾಗ ಆ ಯಂತ್ರ ನಿಂದು. ಹೊಲಿಗೆ ಕೈ ಬಿಡಬಾರದು. ಒಪ್ಪಿಗೇನಾ?"

ಅವಳು ತಲೆಯಾಡಿಸಿದಳು. ಅವನು ಕಿವಿಯ ಸಂದಿನಲ್ಲಿದ್ದ ಪೆನ್ಸಿಲನ್ನೇ ರುಜು ಹಾಕಲು ತೆಗೆದ. ಅವಳು ನಕ್ಕು ಪೆನ್ನು ಕೊಟ್ಟಳು.

ಅಷ್ಟರಲ್ಲಿ ಹೆಂಡತಿ ಕಾಜಾ ಹಾಕಲೆಂದು ಅವನ ಯಂತ್ರದ ಮೇಲಿದ್ದ ಅಂಗಿಗಳನ್ನು ಎತ್ತಿಕೊಂಡಳು. ಒಂದನ್ನು ತಿರುಗಿಸಿ ನೋಡಿದಳು, ಇನ್ನೊಂದನ್ನು ನೋಡಿದಳು. ಆಮೇಲೆ ಹೊಲಿಗೆ ಬಿಚ್ಚುವ ಬ್ಲೇಡಿಗಾಗಿ ಕೈ ಚಾಚುತ್ತ ಗಂಡನನ್ನು ಕೇಳಿದಳು:

"ಯಾರ್ರೀ ಸತ್ತಿದ್ದು ಇವತ್ತು?"