ಇಪ್ಪತ್ತೇಳನೇ ಪ್ರಶ್ನೆಯ ಬಿಸ್ಕತ್ತು

ನನ್ನ ಹೆಂಡತಿ ವಿಜಯಶ್ರೀಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲೇ ಇಲ್ಲ. ಆ ಶುಕ್ರವಾರ ಬೆಳಿಗ್ಗೆ ಎರ್ನಾಕುಳಂನಲ್ಲಿ ತಿರುವನಂತಪುರದ ರೈಲು ಹತ್ತಿದ ಮೇಲಂತೂ ಕೇಳುವುದೇ ಬೇಡ. ಬ್ಯಾಗು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಿಟಕಿ ಪಕ್ಕ ಬೇಕೆಂದಳು, ಕೊಟ್ಟೆ. ಗಾಳಿ ಜಾಸ್ತಿ ಎಂದು ಎದ್ದಳು. "ಎಂತ ಮಾರಾಯ್ತಿ, ಇರುವೆ ಕಚ್ಚಿತಾ?" ಎಂದೆ. ಒಮ್ಮೆ ದುರುಗುಟ್ಟಿ ನೋಡಿದಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇದ್ದವ ನಾನು, ಬಾಯಿ ಮುಚ್ಚಿಕೊಳ್ಳಬೇಕಾದ ಹೊತ್ತು ಯಾವುದೆಂದು ಗೊತ್ತುಂಟು. ಆದರೂ ಮುಚ್ಚುವುದಿಲ್ಲ, ಅದು ಬೇರೆ ವಿಷಯ.

ಅವಳ ಕತೆ ಸ್ವಲ್ಪ ಹೇಳಬೇಕು. ಪುತ್ತೂರಿನ ಕಡೆಯವಳು. ಮದುವೆಯಾಗಿ ಕೊಚ್ಚಿಗೆ ಬಂದಾಗ ಮಲಯಾಳ ಒಂದಕ್ಷರ ಬರುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಅಂಬಲಮುಗಳ್‌ನ ಒಂದು ನರ್ಸರಿಯಲ್ಲಿ ಟೀಚರಾದಳು. ಮಕ್ಕಳ ಮೂಗು ಒರೆಸುತ್ತ ಒರೆಸುತ್ತ ಅವರಿಂದಲೇ ಭಾಷೆ ಕಲಿತಳು. ಹಾಗೆ ಇಪ್ಪತ್ತಾರು ವರ್ಷ. ಅದು ಮುಗಿದ ಮೇಲಾದರೂ ಮನೆಯಲ್ಲಿ ಕೂರುತ್ತಾಳೆ ಎಂದುಕೊಂಡಿದ್ದೆ. ಎಲ್ಲಿ! ಮಕ್ಕಳ ಬೆಳವಣಿಗೆ ಅಳೆಯುವ ಒಂದು ಯೋಜನೆಗೆ ಸೇರಿಕೊಂಡಳು.

ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ್, ಈ ಐದು ದೇಶದವರು ಸೇರಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಒಂದೇ ಅಳತೆಗೋಲು ಮಾಡುತ್ತಿದ್ದರು. ಒಟ್ಟು ನಲವತ್ತೊಂದು ಪ್ರಶ್ನೆ. ಮಗು ಒಂಟಿ ಕಾಲಲ್ಲಿ ನಿಲ್ಲುತ್ತದಾ, ಮರದ ತುಂಡು ಒಂದರ ಮೇಲೊಂದು ಇಡುತ್ತದಾ, ಕತೆ ಕೇಳಿ ಉತ್ತರ ಹೇಳುತ್ತದಾ, ಹೀಗೆ. ಎಲ್ಲ ಕಡೆ ಒಂದೇ ರೀತಿ ಕೇಳಿ ಒಂದೇ ರೀತಿ ಅಂಕ ಹಾಕಬೇಕು. ಆಗ ಮಾತ್ರ ಎಲ್ಲಿನ ಮಕ್ಕಳಿಗೆ ಏನು ಬೇಕೆಂದು ತಿಳಿಯುವುದು. ವಿಜಯಶ್ರೀ ಕೊಚ್ಚಿಯಿಂದ ತಿರುವನಂತಪುರದವರೆಗೆ ಇನ್ನೂರ ಹನ್ನೆರಡು ಮಕ್ಕಳನ್ನು ಅಳೆದಳು. ಕಂಡದ್ದು ಬರೆಯುತ್ತಾಳೆ, ಕಾಣದ್ದು ಬರೆಯುವುದಿಲ್ಲ. ಯೋಜನೆಯ ಮುಖ್ಯಸ್ಥೆ ಅಪರ್ಣಾ ಇವಳ ಹಾಳೆಗಳನ್ನೇ ಮಾದರಿ ಎಂದು ಉಳಿದ ದೇಶಗಳಿಗೆ ಕಳಿಸಿದ್ದಳು. ಆ ಜಂಬ ನಮ್ಮ ಮನೆಯಲ್ಲಿ ಎಂಟು ತಿಂಗಳು ಇತ್ತು.

ಜಂಬ ಇಳಿದದ್ದು ಆ ಶುಕ್ರವಾರಕ್ಕೆ ಮೂರು ವಾರ ಮೊದಲು, ತಿರುವನಂತಪುರದ ಶ್ರೀಕಾರ್ಯಂನಲ್ಲಿ. ಅಲ್ಲಿ ಬೆಳೆ ಸಂಶೋಧನೆಯ ಕೇಂದ್ರದಲ್ಲಿ ವಿನಯ್ ಅಂತ ಒಬ್ಬ ಇದ್ದಾನೆ, ಮೈಸೂರಿನವ. ಹೆಂಡತಿ ಸುಪ್ರೀತಾ. ಮಗಳು ಅನ್ವಿತಾಳಿಗೆ ನಾಲ್ಕೂವರೆ ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಎಲ್ಲದರಲ್ಲೂ ಚುರುಕು. ಎಡವಿದ್ದು ಇಪ್ಪತ್ತೇಳನೇ ಪ್ರಶ್ನೆಯಲ್ಲಿ. ಮಗುವಿಗೆ ಬಿಸ್ಕತ್ತು ಕೊಟ್ಟು, ಅದು ಒಂದು ಸಲ ಕಚ್ಚಿದ ಮೇಲೆ ಕೈ ಚಾಚಿ "ನನಗೂ ಸ್ವಲ್ಪ ಕೊಡ್ತೀಯಾ?" ಎಂದು ಕೇಳಬೇಕು. ಕೊಟ್ಟರೆ ಹಂಚಿಕೊಳ್ಳುವ ಗುಣ ಉಂಟೆಂದು ಎರಡಂಕ. ಅನ್ವಿತಾ ಬಿಸ್ಕತ್ತನ್ನು ಬೆನ್ನ ಹಿಂದೆ ಅಡಗಿಸಿ ತಲೆ ಅಲ್ಲಾಡಿಸಿದಳು. ವಿಜಯಶ್ರೀ ಸೊನ್ನೆ ಹಾಕಿದಳು.

ಅಷ್ಟಕ್ಕೇ ಎದ್ದು ಬಂದಿದ್ದರೆ ಆಗುತ್ತಿತ್ತು. ತಾಯಂದಿರಿಗೆ ಏನೂ ಹೇಳಬಾರದೆಂದು ನಿಯಮ. ಆದರೆ ತಿರುವನಂತಪುರದಲ್ಲಿ ಕನ್ನಡದವರು ಸಿಕ್ಕಿದ್ದಾರೆ, ಫಿಲ್ಟರ್ ಕಾಫಿ ಬಂದಿದೆ, ಇವಳ ನಾಲಿಗೆ ನಿಲ್ಲುತ್ತದಾ? "ಹೇಗೆ ಮಾಡಿದ್ಲು ಆಂಟಿ?" ಎಂದು ಸುಪ್ರೀತಾ ಕೇಳಿದ್ದಕ್ಕೆ, "ಎಲ್ಲ ಚಂದ ಮಾಡಿದ್ದಾಳೆ. ಹಂಚಿಕೊಳ್ಳುವುದೊಂದು ಸ್ವಲ್ಪ ಕಲಿಸಿ" ಎಂದುಬಿಟ್ಟಳು. ಸುಪ್ರೀತಾಳ ಮುಖ ಸಪ್ಪಗಾಯಿತಂತೆ. "ನನ್ನ ಮಗಳು ಸ್ವಾರ್ಥಿನಾ ಆಂಟಿ?" ಎಂದಳಂತೆ.

ಅವತ್ತಿನಿಂದ ಇವಳಿಗೆ ಚಡಪಡಿಕೆ. ಒಲೆ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತಾಳೆ. ಹಾಲು ಉಕ್ಕಿದ್ದು ಹೇಳಬೇಕಾದರೆ ನಾನೇ ಕೂಗಬೇಕು. "ಆ ಮಗು ಜಿಪುಣಿ ಅಲ್ಲ ರೀ. ಹೊರಡುವಾಗ ತನ್ನ ಗೊಂಬೆಯನ್ನೇ ತಂದು ನನ್ನ ಕೈಗಿಟ್ಟಿತು. ಬಿಸ್ಕತ್ತು ಮಾತ್ರ ಯಾಕೆ ಕೊಡಲಿಲ್ಲ?" ಇದೊಂದೇ ರಾಗ. ಆ ಶುಕ್ರವಾರ ಐದೂ ದೇಶದವರು ತಿರುವನಂತಪುರದಲ್ಲಿ ಸೇರಿ ಪ್ರಶ್ನೆಗಳನ್ನು ಗಟ್ಟಿ ಮಾಡುವವರಿದ್ದರು. ಆಮೇಲೆ ಒಂದಕ್ಷರ ಬದಲಾಯಿಸುವಂತಿಲ್ಲ.

ಕೊಲ್ಲಂನಲ್ಲಿ ನಾನು ಪಳಂಪೊರಿ ತಕ್ಕೊಂಡೆ, ನಮ್ಮ ಬಾಳೆಹಣ್ಣಿನ ಪೋಡಿ, ಅಂದರೆ ಬಜ್ಜಿಯೇ. ಅರ್ಧ ತಿಂದು, "ಬಿಸಿ ಉಂಟು, ರುಚಿ ನೋಡು" ಎಂದು ಅವಳ ಕಡೆ ಚಾಚಿದೆ.

"ಶೀ, ಎಂಜಲು! ಅತ್ಲಾಗೆ ಇಡಿ!" ಎಂದು ಕೈ ತಳ್ಳಿದಳು. ತಳ್ಳಿದ ಕೈ ಹಾಗೇ ನಿಂತಿತು.

"ಅಯ್ಯೋ ದೇವರೇ," ಎಂದಳು. "ಆ ಮಗುವಿಗೂ ಮನೆಯಲ್ಲಿ ಇದನ್ನೇ ಅಲ್ವಾ ಕಲಿಸಿದ್ದು? ಕಚ್ಚಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಅಂತ?"

ಮೂವತ್ತೊಂದು ವರ್ಷ ನನ್ನ ಬಾಳೆಲೆಯಿಂದ ಹಪ್ಪಳದ ಚೂರು ಮುಟ್ಟದವಳು ಇನ್ನೂರ ಹನ್ನೆರಡು ಮಕ್ಕಳ ಎದುರು ಕೈ ಚಾಚಿ ಎಂಜಲು ಬೇಡಿದ್ದಳು! ಕೊಟ್ಟ ಮಕ್ಕಳದ್ದನ್ನಾದರೂ ತಿಂದಳಾ? ತಿಂದ ಹಾಗೆ ಮಾಡಿ ಚೀಲಕ್ಕೆ ಹಾಕುತ್ತಿದ್ದಳಂತೆ. ನನಗೆ ನಗು ತಡೆಯಲಾಗಲಿಲ್ಲ. ಅವಳು ಅಳುತ್ತಿದ್ದಾಳೆಂದು ಆಮೇಲೆ ಕಂಡಿತು.

ಹಾಳೆ ತೆಗೆದು ಎಣಿಸಿದಳು. ಆ ಬಿಸ್ಕತ್ತಿನ ಪ್ರಶ್ನೆಗೆ ಅರವತ್ತಮೂರು ಸೊನ್ನೆ. "ಇದನ್ನು ಹೇಳಿದರೆ ನನ್ನ ಮಾದರಿ ಹಾಳೆಗಳ ಮರ್ಯಾದೆ ಹೋಗ್ತದೆ. ಅಪರ್ಣಾಳ ಮುಖ ಹೇಗೆ ನೋಡಲಿ?"

"ಹೇಳದಿದ್ದರೆ?" ಎಂದೆ.

ಅವಳು ಎದ್ದಳು. ಬೋಗಿಯ ಬಾಗಿಲವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಇಳಿಯುವವರೆಗೂ ಅದೇ.

ಸಭೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕೂತಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಇಪ್ಪತ್ತೇಳನೇ ಪ್ರಶ್ನೆ ಬಂದಾಗ ಇವಳು ಎದ್ದಳು. ಇಂಗ್ಲಿಷು ಅಲ್ಲಲ್ಲಿ ತಡವರಿಸಿತು. "ನಾನು ತಪ್ಪು ಮಾಡಿದ್ದೇನೆ" ಎಂದು ಶುರು ಮಾಡಿ ಪಳಂಪೊರಿಯವರೆಗೆ ಎಲ್ಲ ಹೇಳಿದಳು. ಆಮೇಲೆ ನೇಪಾಳದ ಒಬ್ಬ ಹೆಂಗಸು, "ನಮ್ಮಲ್ಲಿ ಅದಕ್ಕೆ ಜುಠೋ ಅಂತಾರೆ" ಎಂದಳು. ಬಾಂಗ್ಲಾದೇಶದವರು ತಮ್ಮ ಮಾತು ಹೇಳಿದರು, ಶ್ರೀಲಂಕಾದವರು ತಮ್ಮದು. ಎಲ್ಲರಲ್ಲೂ ಉಂಟು ಮಾರಾಯ್ರೆ! ಎಲ್ಲರೂ ಅದು ತಮ್ಮ ಮನೆಯ ಸಂಗತಿ, ವಿಜ್ಞಾನದ ಕಾಗದದಲ್ಲಿ ಬರೆಯುವಂಥದ್ದಲ್ಲ ಎಂದು ಬಿಟ್ಟವರೇ. ಅಪರ್ಣಾ ತನ್ನ ಹಾಳೆಯಲ್ಲಿ ಆ ಪ್ರಶ್ನೆಯ ಮೇಲೆ ಗೆರೆ ಎಳೆದಳು. ಕೊನೆಗೆ ಆ ಪ್ರಶ್ನೆಯ ಹಳೆ ರೂಪ ತೆಗೆದರು. ಕಚ್ಚುವ ಮೊದಲೇ ಕೇಳುವ ಹಾಗೆ ತಿದ್ದಿ, ಐದೂ ದೇಶದಲ್ಲಿ ಮತ್ತೊಮ್ಮೆ ಕೇಳುವುದೆಂದಾಯಿತು.

ಇವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಊಟವನ್ನೂ ಮಾಡದೆ ಆಟೋ ಹಿಡಿದು ಶ್ರೀಕಾರ್ಯಂಗೆ ಹೊರಟಳು, ನಾನು ಹಿಂದೆ.

ಸುಪ್ರೀತಾ ಬಾಗಿಲು ತೆಗೆದವಳೇ ಖುಷಿಯಿಂದ, "ಆಂಟಿ, ಮೂರು ವಾರ ದಿನಾ ಅಭ್ಯಾಸ ಮಾಡಿಸಿದ್ದೀನಿ. ಈಗ ಕೊಡ್ತಾಳೆ ನೋಡಿ!" ಎಂದಳು. ವಿಜಯಶ್ರೀ "ಬೇಡಮ್ಮಾ" ಎನ್ನುವಷ್ಟರಲ್ಲಿ ಅನ್ವಿತಾಳ ಕೈಗೆ ಬಿಸ್ಕತ್ತು ಬಂದಿತ್ತು. ಮಗು ಕಚ್ಚಿತು, ಅಮ್ಮನ ಮುಖ ನೋಡಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೈ ಮುಂದೆ ಮಾಡಿತು. "ಇನ್ನಾ ಟೀಚರೇ." ತಗೊಳ್ಳಿ ಟೀಚರ್, ಅಂತ.

ನನ್ನ ಹೆಂಡತಿ ನೆಲದ ಮೇಲೆ ಕೂತು ಆ ಬಿಸ್ಕತ್ತು ತೆಗೆದುಕೊಂಡಳು. ಚೀಲಕ್ಕೆ ಹಾಕಲಿಲ್ಲ. ಒದ್ದೆಯಾದ ತುದಿಯ ಸಮೇತ ಬಾಯಿಗಿಟ್ಟು ಅಗಿದು ನುಂಗಿದಳು.

ಮಗು ಒಂದು ಕಣ್ಣು ತೆರೆಯಿತು. "ಇಪ್ಪೋ ಞಾನ್ ನಲ್ಲ ಕುಟ್ಟಿಯಾಯೋ?" ಎಂದು ಕೇಳಿತು. ಈಗ ನಾನು ಒಳ್ಳೆ ಮಗು ಆದೆನಾ, ಅಂತ.

"ನೀನು ಅವತ್ತೂ ಒಳ್ಳೆಯವಳೇ ಮಗಾ," ಎಂದಳು ವಿಜಯಶ್ರೀ. "ಸೊನ್ನೆ ನನಗೆ ಬರಬೇಕಿತ್ತು."