ಹುಮನಾಬಾದಿನಲ್ಲಿ ಕಂಡ ಹಡಗು

ಬಸವಕಲ್ಯಾಣದಿಂದ ಬಂದವನು ಹುಮನಾಬಾದಿನ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಎದುರಿಗೆ ಘಾಟಬೋರಾಳದ ರೈತ ಹೆಂಗಸರು ತಾವು ಬೆಳೆದ ಒಣಶುಂಠಿಯ ಚೀಲಗಳನ್ನು ಕಂಟೇನರ್ ಲಾರಿಗೆ ಏರಿಸುತ್ತಿದ್ದರು. ಮಾಲು ಮುಂಬೈ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ದುಬೈ ಸೇರಬೇಕಿತ್ತು. ಅವರ ಮುಂದಿನ ಬಿತ್ತನೆ ಇದರ ಮೇಲೇ ನಿಂತಿತ್ತು.

ಲಾರಿ ತುಂಬುತ್ತಾ ಬಂದಾಗ ಮಾಲು ಕೊಳ್ಳುವ ವ್ಯಾಪಾರಿಯ ಏಜೆಂಟ್ ತಕರಾರು ತೆಗೆದ. "ಬಂದರದಾಗ ಹಡಗ ನಿಂತಾವ, ಮಾಲ್ ಹೋಗವಲ್ದು. ಮಾತಾಡಿದ ರೇಟ್ ಕೊಡಾಕ ಆಗಂಗಿಲ್ಲ."

ಗುಂಪಿನ ಹಿರಿಯರಾದ ಕಮಳಾಬಾಯಿ ಜಗಳಕ್ಕೆ ನಿಲ್ಲಲಿಲ್ಲ. ಅದೇ ಬಂದರಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗನಿಗೆ ವಿಡಿಯೊ ಕರೆ ಮಾಡಿದರು.

"ಹಡಗ ನಿಂತಾವಂತ, ಖರೆ ಏನೋ?"

"ಯಾರ್ ಹೇಳ್ಯಾರತ್ತಿ? ನೋಡು, ಈಗೂ ಮಾಲ್ ತುಂಬಾಕತ್ತಾರ."

ಎಲ್ಲರೂ ಫೋನಿಗೆ ಮುಗಿಬಿದ್ದರು. ನಾನೂ ಇಣುಕಿದೆ. ಕಂದು ಬಣ್ಣದ ನೀರು, ಗುಡ್ಡದಂಥ ಹಡಗು, ಕ್ರೇನಿಗೆ ತೂಗಾಡುವ ಕೆಂಪು ಕಂಟೇನರ್.

ಕಮಳಾಬಾಯಿ ಫೋನನ್ನು ಏಜೆಂಟನ ಮುಖದ ಮುಂದೆ ಹಿಡಿದರು. "ಸಮುದ್ರ ನೋಡದ ಮಂದಿ, ಏನ್ ಹೇಳಿದ್ರೂ ನಂಬ್ತಾರ ಅಂದ್ಕೊಂಡೀರೇನ್ರಿ? ಏ, ಚೀಲ ಇಳಸ್ರೇ!"

ಹೆಂಗಸರು ಇಳಿಸತೊಡಗಿದರು. ಏಜೆಂಟ್ ಗಾಬರಿಯಿಂದ ದೂರ ಸರಿದು, ತನ್ನ ಸೇಠನ ಜೊತೆ ಫೋನಿನಲ್ಲಿ ಮಾತಾಡಿ ಬಂದ.

"ಮೊದಲಿನ ರೇಟೇ ಕೊಡ್ತೀವ್ರಿ ಅಕ್ಕೋರೇ. ಏರಸ್ರಿ."

ಕಮಳಾಬಾಯಿ ಒಂದು ಚೀಲದ ಮೇಲೆ ಆರಾಮಾಗಿ ಕೂತರು. "ನಿಮ್ಮ ಮಾತಿಗೆ ಇಳಿಸೀವಿ. ಈಗ ನೀವ ಏರಸ್ರಿ."

ಲಾರಿ ಡ್ರೈವರ್ ಜೋರಾಗಿ ನಕ್ಕ. ಏಜೆಂಟ್ ಇಸ್ತ್ರಿ ಹಾಕಿದ ಅಂಗಿಯ ತೋಳು ಮಡಚಿ, ಮೊದಲ ಚೀಲಕ್ಕೆ ಬಗ್ಗಿದ.