ಖಾಸಿಂ ಸಾಬರ ಹಕ್ಕಿಗಳು ಸೊಪ್ಪು ತಿಂದವೋ ಇಲ್ಲವೋ

ಶೇಂಗಾ ಎಣ್ಣೆ ಮಿಲ್ಲು ಮುಚ್ಚಿದಾಗ ಖಾಸಿಂ ಸಾಬರಿಗೆ ಬರಬೇಕಿದ್ದ ಪಗಾರ ಇವತ್ತಿಗೂ ಬಂದಿಲ್ಲ. ಬಂದದ್ದು ಒಂದು ಪಂಜರ. ತೊಂಬತ್ತೆಂಟರ ಬೇಸಿಗೆಯಲ್ಲಿ ಮಾಲೀಕ ಕೊಟ್ಟೂರಿನ ಮನೆ ಖಾಲಿ ಮಾಡಿ ಲಾರಿಗೆ ಸಾಮಾನು ಏರಿಸುತ್ತಿದ್ದ. ಸಾಬರು ಹೋಗಿ ಗೇಟಿಗೆ ಅಡ್ಡ ನಿಂತರು. ಮಾಲೀಕ ಅತ್ತಿತ್ತ ನೋಡಿದ, ಮಗ ಸಾಕಿದ್ದ ಹಕ್ಕಿಗಳ ಪಂಜರ ತೆಗೆದು ಇವರ ಕೈಗಿಟ್ಟ.

"ಸದ್ಯಕ್ಕ ಇದನ್ನ ಇಟ್ಗಳ್ರಿ ಸಾಬ್ರ. ಫಿಂಚ್ ಅಂತಾರ, ಫಾರಿನ್ ಹಕ್ಕಿ. ಬಾಳ ನಾಜೂಕು."

ಸಾಬರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಲಾರಿ ಹೋಗಿತ್ತು.

"ಪಗಾರ ತರ್ತೀನಂತ ಹೋಗಿ ಪೀಪಿ ತಂದ್ರಿ" ಅಂದಳು ಹೆಂಡತಿ ಶಹಜಾನಬಿ. ಸುಳ್ಳೇನಲ್ಲ. ಗುಬ್ಬಿಯ ಅರ್ಧದಷ್ಟಿದ್ದ ಆ ಹಕ್ಕಿಗಳು ಕೆಂಪು ಕೊಕ್ಕು ತೆರೆದರೆ ಜಾತ್ರೆಯ ಪೀಪಿಯದೇ ಸದ್ದು. ಒಂದು ಗಂಡು, ಎರಡು ಹೆಣ್ಣು. ತಿನ್ನುವುದು ನವಣೆ ಮಾತ್ರ. ಸಜ್ಜೆ ಹಾಕಿದರೆ ಕಾಲಿನಿಂದ ಕೆದರಿ ಚೆಲ್ಲುತ್ತಿದ್ದವು. ಅಕ್ಕಿ ನುಚ್ಚಿನ ಕಡೆಗಂತೂ ತಿರುಗಿಯೂ ನೋಡಲಿಲ್ಲ.

ಮಿಲ್ಲು ಮುಚ್ಚಿದ ಮೇಲೆ ಸಾಬರು ಬಸ್‌ಸ್ಟ್ಯಾಂಡ್ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ಹಾಕಿಕೊಂಡಿದ್ದರು. ಸುಟ್ಟ ಮೋಟರಿನ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಹೊಸಹಳ್ಳಿ, ಚಿಗಟೇರಿ ಕಡೆಯ ಬೋರ್‌ವೆಲ್ ಮೋಟರುಗಳೆಲ್ಲ ಇವರಲ್ಲಿಗೇ ಬರುತ್ತಿದ್ದವು. ಯಾವ ಮೋಟರು ಯಾಕೆ ಕೆಟ್ಟಿದೆ ಅಂತ ಸಾಬರಿಗೆ ಮೂಗಿಗೇ ಗೊತ್ತಾಗುತ್ತಿತ್ತು. ಹಕ್ಕಿಯ ವಿಷಯದಲ್ಲಿ ಆ ಮೂಗು ಕೆಲಸ ಮಾಡಲಿಲ್ಲ.

ಮಳೆಗಾಲ ಶುರುವಾದಾಗ ಒಂದು ಹೆಣ್ಣುಹಕ್ಕಿ ಮೊಟ್ಟೆ ಇಡಲಾಗದೆ, ಮೊಟ್ಟೆ ಒಳಗೇ ಸಿಕ್ಕು ಸತ್ತಿತು. ಅದನ್ನು ಎತ್ತುವಾಗ ಶಹಜಾನಬಿಯ ಮುಖ ನೋಡಲಾಗಲಿಲ್ಲ. ಹೆರಿಗೆಯಲ್ಲಿ ಹೋದ ತಂಗಿಯೊಬ್ಬಳಿದ್ದಳು ಅವಳಿಗೆ. "ಇನ್ನೊಂದು ಹೆಣ್ಣು ಸಾಯಬಾರದು ನೋಡ್ರಿ" ಅಂದಳು, ಅಷ್ಟೇ.

ದನದ ಆಸ್ಪತ್ರೆಯ ಕಾಂಪೌಂಡರ್ ಯರ್ರೆಪ್ಪನನ್ನು ಕರೆತಂದರು. ಅವನು ಪಂಜರದ ಸುತ್ತ ಒಂದು ಸುತ್ತು ಬಂದ.

"ಎಮ್ಮಿ ಆಗಿದ್ರ ಒಳಗ ಕೈ ಹಾಕಿ ನೋಡ್ತಿದ್ದೆ ಸಾಬ್ರ. ಇದಕ್ಕ ಎಲ್ಲಿ ಕೈ ಹಾಕ್ಲಿ?"

"ಚಾಷ್ಟಿ ಸಾಕು. ಯಾಕ ಸತ್ತಿತು ಹೇಳು."

"ಬರೀ ಕಾಳು ತಿಂದು ತಿಂದು ಒಳಗ ತಾಕತ್ತಿಲ್ಲ. ಹಸಿ ಸೊಪ್ಪು, ತರಕಾರಿ ತಿನ್ನಸ್ರಿ. ಇಲ್ಲಂದ್ರ ಇದೂ ಅದರ ದಾರಿನಾ ಹಿಡಿತೈತಿ."

ಅಲ್ಲಿಂದ ಸಾಬರಿಗೆ ಶನಿ ಹಿಡಿಯಿತು. ಕೊತ್ತಂಬರಿ ಇಟ್ಟರು, ಒಣಗಿತು. ಮೆಂತ್ಯ ಇಟ್ಟರು, ಅದರ ಮೇಲೆ ಕೂತು ಹೇತವು. ಗಜ್ಜರಿ ತುರಿದರು, ಸೌತೆಕಾಯಿ ಸೀಳಿಟ್ಟರು. ಹಕ್ಕಿಗಳು ಮೂಲೆಗೆ ಸರಿದು ಪೊಲೀಸರನ್ನು ಕಂಡವರಂತೆ ನೋಡಿದವು. ಕೊನೆಗೆ ಸಾಬರು ತಮ್ಮ ವಿದ್ಯೆ ತೋರಿಸಿದರು. ಸೊಪ್ಪನ್ನು ಸಣ್ಣ ಕಟ್ಟು ಮಾಡಿ, ಕಾಯಿಲ್ ಕಟ್ಟುವ ಹಾಗೆ ತಾಮ್ರದ ತಂತಿಯಿಂದ ಒತ್ತೊತ್ತಾಗಿ ಸುತ್ತಿ, ಪಂಜರದ ಸರಳಿಗೆ ಬಿಗಿದರು. ನೋಡಲು ಬಲು ಚಂದ. ಹೊಳೆಯುವ ತಂತಿ ಕಂಡ ಹಕ್ಕಿಗಳು ಸಂಜೆಯತನಕ ಕೆಳಗಿಳಿಯಲಿಲ್ಲ.

"ಲೈನ್ ಬರಾಕತ್ತೈತಿ, ಮೋಟರ್ ತಿರುಗವಲ್ದು" ಅಂತ ತಲೆ ಕೆರೆದುಕೊಂಡರು.

ಸೊಪ್ಪು ಮಾರುವ ಗಿಡ್ಡಮ್ಮ ಬಾಗಿಲಲ್ಲೇ ಬುಟ್ಟಿ ಇಳಿಸಿ ನಕ್ಕಳು. "ನೀ ತಿಂತೀಯೇನು ಸಾಬಣ್ಣ ಸೊಪ್ಪು? ನಿನ್ನ ತಾಟಿನಾಗ ಹಾಕಿದ್ರ ಎಮ್ಮಿ ಮೇವು ಅಂತ ಸರಸ್ತಿ. ನಿನ್ನ ಹಕ್ಕಿ ನಿನ್ನಂಗಾ ಅದಾವ."

"ನಾ ಮೊಟ್ಟಿ ಇಡಂಗಿಲ್ಲಲ್ಲ ಗಿಡ್ಡಮ್ಮ."

"ಇಟ್ಟಿದ್ರ ಗೊತ್ತಾಗ್ತಿತ್ತು." ಬುಟ್ಟಿಯಿಂದ ಒಂದು ಹಿಡಿ ಹಕ್ಕರಕಿ ತೆಗೆದಳು, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು, ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗೇ ಕಡಿಯುವಂಥದ್ದು. "ತೊಳಿಬ್ಯಾಡ, ಹೆಚ್ಚಬ್ಯಾಡ. ಬೇರು, ಮಣ್ಣು ಇದ್ದಂಗಾ ಒಗಿ. ಹಕ್ಕಿಗೆ ಈಳಿಗಿ ಮಣಿ ಗೊತ್ತೈತೇನು?"

ಒಗೆದರು. ಹಕ್ಕಿಗಳು ಇಳಿದು ಬಂದು ಸುತ್ತಲೂ ಕುಣಿದವು. ಗಂಡು ಒಂದು ಎಲೆ ಎಳೆದು ಬಿಟ್ಟಿತು. ಹಿಂದೆಯೇ ಎರಡೂ ಹಾರಿ ಹೋಗಿ ನವಣೆ ಬಟ್ಟಲಲ್ಲಿ ಮುಖ ಹುದುಗಿಸಿದವು.

ಆಗ ಸಾಬರಿಗೆ ಹೊಳೆಯಿತು: ಅಡ್ಡ ನಿಂತಿರುವುದು ಈ ಬಟ್ಟಲೇ. ನವಣೆ ಸಿಗುವತನಕ ಸೊಪ್ಪು ಯಾಕೆ ಮುಟ್ಟುತ್ತವೆ? ಮರುದಿನ ಬೆಳಿಗ್ಗೆ ಬಟ್ಟಲು ತೆಗೆದರು.

"ಏನ್ರಿ ಮಾಡಾಕತ್ತೀರಿ?" ಅಂದಳು ಶಹಜಾನಬಿ.

"ಹಸದ್ರ ತಾವಾ ತಿಂತಾವ."

"ಇದನ್ನ ಎಲ್ಲೋ ಕೇಳೀನಲ್ಲ. ಮಿಲ್ಲಿನ ಹರತಾಳದಾಗ ನಿಮ್ಮ ಮಾಲೀಕ ಕಿರಾಣಿ ಅಂಗಡಿಯವ್ರಿಗೆಲ್ಲ ಏನ್ ಹೇಳಿದ್ದ? ಯಾವನಿಗೂ ಉದ್ರಿ ಕೊಡಬ್ಯಾಡ್ರಿ, ಹಸದ್ರ ತಾವಾ ಕೆಲಸಕ್ಕ ಬರ್ತಾರ ಅಂತ. ಅವತ್ತು ಗೇಟಿನ ಮುಂದ ನಿಂತು ಅವನ ಜಲ್ಮ ಜಾಲಾಡಿದವ್ರು ಯಾರು?"

"ಅದು ಬ್ಯಾರೆ, ಇದು ಬ್ಯಾರೆ. ಇದು ಅವುಗಳ ಒಳ್ಳೇದಕ್ಕ."

"ಅವನೂ ಹಂಗಾ ಅಂದಿದ್ದ."

ಸಾಬರಿಗೆ ಸಿಟ್ಟು ಬಂತು. ತಾವಿಲ್ಲದಾಗ ಹೆಂಡತಿ ಕದ್ದು ಹಾಕಿಯಾಳೆಂದು ನವಣೆ ಚೀಲವನ್ನೂ ಬಟ್ಟಲನ್ನೂ ಅಂಗಡಿಗೆ ಹೊತ್ತುಕೊಂಡೇ ಹೋದರು.

ಸಂಜೆ ಬಂದು ನೋಡಿದರೆ ಹಕ್ಕರಕಿ ಖಾಲಿ! ಒಂದೆಲೆಯೂ ಇಲ್ಲ. ಬಗ್ಗಿ ತಳ ನೋಡಿದರು: ಹಿಕ್ಕೆ ಹಸಿರು. ಇನ್ನೇನು ಬೇಕು ಸಾಕ್ಷಿ? ಮೋಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ ದೀಪ ಹತ್ತಿದಂತಾಯಿತು.

"ನೋಡಬಾ ಇಲ್ಲಿ! ದಾರಿಗೆ ಬಂದ್ವು ಮಕ್ಕಳು."

ಶಹಜಾನಬಿ ನೋಡಿದಳು. ಹೆಣ್ಣು ಯಾಕೋ ಸುಮ್ಮನಿದೆ ಅನ್ನಿಸಿತು. "ಈಗರ ಒಂದು ಚಿಟಿಕಿ ಕಾಳು ಹಾಕ್ರಿ."

"ಬ್ಯಾಡ. ಈಗ ಹಾಕಿದ್ರ ಮತ್ತ ಮೊದಲಿನಂಗಾ ಆಕ್ಕಾವ. ನಾಳಿ ನೋಡೋಣ." ಇನ್ನೊಂದು ಹಿಡಿ ಸೊಪ್ಪು ಹಾಕಿ ಮಲಗಿದರು.

ಬೆಳಿಗ್ಗೆ ಆ ಸೊಪ್ಪೂ ಇರಲಿಲ್ಲ. ಹೆಣ್ಣು ಪಂಜರದ ತಳದಲ್ಲಿತ್ತು, ಹತ್ತಿಯ ಉಂಡೆಯ ಹಾಗೆ ಉಬ್ಬಿ, ಕಣ್ಣು ಮುಚ್ಚಿ. ಶಹಜಾನಬಿ ಗಂಡನತ್ತ ನೋಡದೆ ಅದನ್ನು ಅಂಗೈಗೆತ್ತಿಕೊಂಡಳು. ಸಾಬರು ಬರಿಗಾಲಲ್ಲಿ ಓಡಿ ಯರ್ರೆಪ್ಪನನ್ನು ಕರೆತಂದರು.

"ತಿಂದಾವಲ್ಲೋ! ಒಂದೆಲಿ ಬಿಟ್ಟಿಲ್ಲ. ಹಿಕ್ಕಿ ಹಸರ ಐತಿ. ಯಾಕ ಹಿಂಗಾತು?"

ಯರ್ರೆಪ್ಪ ಪಂಜರದ ಮೂಲೆಯಲ್ಲಿ ಗೂಡಿಗೆಂದು ಕಟ್ಟಿದ್ದ ಮಣ್ಣಿನ ಕುಡಿಕೆಯೊಳಗೆ ಬೆರಳು ಹಾಕಿದ. ಎಲೆ, ದಂಟು, ಬೇರು ಸಮೇತ ಹಕ್ಕರಕಿ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಹಕ್ಕಿಗಳು ಅದನ್ನು ತಿಂದಿರಲಿಲ್ಲ. ಗೂಡು ಕಟ್ಟಿದ್ದವು.

"ಮತ್ತ ಹಿಕ್ಕಿ?"

"ಹೊಟ್ಟಿ ಖಾಲಿ ಬಿದ್ರೂ ಹಸರ ಆಕ್ಕೈತಿ ಸಾಬ್ರ. ಬರೀ ಪಿತ್ತ ಅದು. ಇಷ್ಟಕ್ಕೊಂದು ಜೀವ, ತಾಸು ತಾಸಿಗೆ ತಿನ್ನಬೇಕು. ಮೊದಲು ಕಾಳು ತರ್ರಿ."

ಕಾಳು ಅಂಗಡಿಯಲ್ಲಿತ್ತು. ಮತ್ತೆ ಓಡಿದರು. ಶಹಜಾನಬಿ ಸಕ್ಕರೆ ನೀರಲ್ಲಿ ಬೆರಳದ್ದಿ ಕೊಕ್ಕಿನ ಅಂಚಿಗೆ ಹಿಡಿದಳು. ಸಾಬರು ಕಾಯಿಲಿನ ವಾರ್ನಿಷ್ ಒಣಗಿಸುವ ಬಲ್ಬನ್ನು ಶಾಖಕ್ಕೆಂದು ಪಂಜರದ ಪಕ್ಕಕ್ಕೆ ಕಟ್ಟಿದರು. ಊಟದ ಹೊತ್ತಿಗೆ ಹೆಣ್ಣು ಕಣ್ಣು ಬಿಟ್ಟಿತು. ಆಮೇಲೆ ಕಾಲೂರಿತು. ಬಟ್ಟಲಿನ ಅಂಚಿಗೆ ಹತ್ತಿ ಒಂದು ನವಣೆ ಕಾಳು ಕಟಕ್ಕೆಂದು ಒಡೆದಾಗ ಶಹಜಾನಬಿ ಎದ್ದು ಹೋಗಿ ಒಲೆ ಹಚ್ಚಿದಳು.

"ನಾ ಮಾಡಿದ್ದು ತಪ್ಪಾತು" ಅಂದರು ಸಾಬರು.

"ಅದನ್ನ ಅದಕ್ಕ ಹೇಳ್ರಿ. ನನಗ್ಯಾಕ ಹೇಳ್ತೀರಿ?"

ಆ ಮೇಲೆ ನವಣೆ ಬಟ್ಟಲು ಕದಲಲಿಲ್ಲ. ಪಕ್ಕದಲ್ಲಿ ಸೊಪ್ಪೂ ಇರುತ್ತಿತ್ತು. ಶಹಜಾನಬಿ ಪಂಜರದ ಮುಂದೆ ಕೂತು ರೊಟ್ಟಿಯ ಜೊತೆ ಹಸಿ ಹಕ್ಕರಕಿ ಕಡಿಯುತ್ತಿದ್ದಳು, ಹಕ್ಕಿಗಳು ಸರಳಿಗೆ ಅಂಟಿಕೊಂಡು ಅವಳ ದವಡೆ ನೋಡುತ್ತಿದ್ದವು. ಒಮ್ಮೊಮ್ಮೆ ಎಲೆಗಳ ಅಂಚು ಗರಗಸ ಆಡಿದಂತೆ ಕಡಿದಿರುತ್ತಿತ್ತು. ಒಮ್ಮೊಮ್ಮೆ ಎಲ್ಲ ಕುಡಿಕೆಯಲ್ಲಿ ಸಿಗುತ್ತಿತ್ತು. ತಿಂದವೋ, ಕತ್ತರಿಸಿ ಗೂಡಿಗೆ ಒಯ್ದವೋ? ಸಾಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಹೆಣ್ಣು ಗಟ್ಟಿ ಮೊಟ್ಟೆ ಇಟ್ಟಿತು, ಬದುಕಿತು. ಸೊಪ್ಪಿನಿಂದಲೋ, ಸುಮ್ಮನೆ ಬಿಟ್ಟದ್ದರಿಂದಲೋ ಯರ್ರೆಪ್ಪನಿಗೂ ಹೇಳಲಾಗಲಿಲ್ಲ.

ನಿಮ್ಮ ಪಡಸಾಲೆಯಲ್ಲೂ ಪಂಜರ ಇದ್ದೀತು. ಸೊಪ್ಪು ಕಟ್ಟಿ, ತರಕಾರಿ ಇಡಿ, ತಿನ್ನದಿದ್ದರೆ ನಾಳೆಯೂ ಇಡಿ. ಆದರೆ ಪಾಠ ಕಲಿಸಲೆಂದು ಕಾಳಿನ ಬಟ್ಟಲು ತೆಗೆದಿಟ್ಟಿದ್ದೀರೇನು? ಇಟ್ಟಲ್ಲೇ ಇದ್ದರೂ ತುಂಬಿ ಕಾಣುವುದು ಕಾಳೋ, ತಿಂದು ಬಿಟ್ಟ ಬರೀ ಹೊಟ್ಟೋ? ಇದನ್ನು ಓದುವುದು ಬಿಟ್ಟು ಏಳಿ. ಬಟ್ಟಲು ಊದಿ ನೋಡಿ. ಖಾಲಿ ಇದ್ದರೆ ಈಗಲೇ ತುಂಬಿ.